ಈಶಾನ್ಯದ ಗಾಳಿಯನ್ನು ಬೀಳ್ಕೊಟ್ಟ ಬಾಗಿಲು

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಫಿಜಿಯ ಲೌ ದ್ವೀಪಗಳಲ್ಲಿನ ನಾಸೌ ಊರಿನ ವಿನಿಯಾನಾ. ೧೯೮೪ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಮದುವೆಯೊಂದಕ್ಕೆ ಮುಂಡುಗದ ಚಾಪೆ ಹೆಣೆಯುತ್ತಿದ್ದ ಹೆಂಗಸರ ನಡುವೆ ಕುಳಿತು ಹೇಳಿದಳು. ಆಗ ಅವಳಿಗೆ ಐವತ್ತಕ್ಕೆ ಎರಡೋ ಮೂರೋ ಕಡಿಮೆ. ಇದೇ ಕಥೆಯನ್ನು ಆಮೇಲೆ ಇನ್ನಿಬ್ಬರ ಬಾಯಲ್ಲೂ ಕೇಳಿದ್ದೇನೆ. ಒಬ್ಬರು ಬಿರುಗಾಳಿ ಮೂರು ದಿನ ಬೀಸಿತೆಂದರು. ಮತ್ತೊಬ್ಬರು ಒಡೆಯರ ಮನೆಗೆ ಆರು ಬಾಗಿಲಿದ್ದವೆಂದರು. ವಿನಿಯಾನಾ ಆ ದಿನ ಆ ಮನೆಯೊಳಗೇ ಇದ್ದವಳು. ಆದಕಾರಣ ಅವಳು ಹೇಳಿದಂತೆಯೇ ಇಲ್ಲಿ ಬರೆದಿದ್ದೇನೆ. ಅವಳು ಮರೆತಿದ್ದ ಒಂದೆರಡು ಹೆಸರುಗಳನ್ನು ಮಾತ್ರ ಉಳಿದವರಿಂದ ಪಡೆದೆ.

ಮಾತು ಶುರುವಾದದ್ದು ಹರೆಯದ ಹೆಣ್ಣೊಬ್ಬಳ ಪ್ರಶ್ನೆಯಿಂದ.

“ಅತ್ತೆ, ರೇಡಿಯೋ ಇಲ್ದೆ ಬಿರುಗಾಳಿ ಬರೋದು ನಿಮಗೆ ಹೆಂಗೆ ಗೊತ್ತಾಗ್ತಿತ್ತು?”

“ನಮ್ಮಜ್ಜನೇ ರೇಡಿಯೋ ಕಣೇ,” ಎಂದಳು ವಿನಿಯಾನಾ. “ಬ್ಯಾಟರಿ ಬದ್ಲು ಯಂಗೋನ ಹುಯ್ಯಬೇಕಿತ್ತು, ಅಷ್ಟೆ.”

ಹೆಂಗಸರು ನಕ್ಕರು. ಅವಳ ಅಜ್ಜ ಕಲಿಯೋವಾ ಯಂಗೋನ ಬೇರನ್ನು ಕದಡಿದ ಮತ್ತಿನ ಪಾನೀಯದ ಬೋಗುಣಿಯ ಮುಂದಿನಿಂದ ಏಳುತ್ತಿದ್ದುದೇ ಅಪರೂಪವೆಂಬುದು ಅವನನ್ನು ನೋಡಿರದವರಿಗೂ ಗೊತ್ತಿತ್ತು. ಓಲೆಯನ್ನು ಚಿಪ್ಪಿನಿಂದ ನುಣ್ಣಗೆ ತೀಡುತ್ತಲೇ ಅವಳು ಕಥೆ ಎತ್ತಿಕೊಂಡಳು.

ಮಹಾಯುದ್ಧ ಮುಗಿದ ಹೊಸತು. ವಿನಿಯಾನಾಗೆ ಒಂಬತ್ತು ವರ್ಷ. ಆ ವರ್ಷ ದೀವಿಹಲಸಿನ ಮರಗಳಲ್ಲಿ ಒಂದೊಂದು ತೊಟ್ಟಿನ ಬಳಿ ಮೂರು ಮೂರು ಕಾಯಿ ಗೊಂಚಲಾಗಿ ಬಿಟ್ಟಿದ್ದವು. ಕಣಜಗಳು ಕೊಂಬೆ ಬಿಟ್ಟು ಹುಲ್ಲಿನ ಬುಡದಲ್ಲಿ ಗೂಡು ಕಟ್ಟಿದ್ದವು. ಇವೆರಡೂ ಬಿರುಗಾಳಿಯ ಮುನ್ಸೂಚನೆಯೆಂದು ಊರಿನವರು ಗೆಣಸನ್ನು ಮೊದಲೇ ಅಗೆದು ಒಳಗಿಟ್ಟುಕೊಂಡರು. ಊರಿಗೆ ಆಗ ಒಡೆಯನಿರಲಿಲ್ಲ. ಹಳೆಯ ಒಡೆಯ ತೀರಿಕೊಂಡು ನಲವತ್ತು ರಾತ್ರಿಗಳಾಗಿದ್ದವು. ಅವನ ತಮ್ಮ ರಾತು ಲೇವಾನಿ ದೂರದ ದ್ವೀಪದಿಂದ ಬಂದು ಪಟ್ಟಕ್ಕೆ ಕೂರಬೇಕಾದದ್ದು ನೂರನೆಯ ದಿನ.

ಒಡೆಯರ ಮನೆ ಊರಿಗೆಲ್ಲ ದೊಡ್ಡದು. ಕಲ್ಲು ಕಟ್ಟಿದ ಎತ್ತರದ ಜಗಲಿಯ ಮೇಲೆ, ಜೊಂಡಿನ ಗೋಡೆ ಮತ್ತು ದಪ್ಪ ಹುಲ್ಲಿನ ಮಾಡು ಹೊತ್ತು ಉದ್ದಕ್ಕೆ ನಿಂತಿತ್ತು. ಒಂದು ತುದಿ ಗುಡ್ಡದ ಕಡೆಗೆ, ಈಶಾನ್ಯಕ್ಕೆ. ಇನ್ನೊಂದು ತುದಿ ಕಡಲಿಗೆ, ನೈರುತ್ಯಕ್ಕೆ. ಕಡಲ ಕಡೆಯ ಕೆಳಬಾಗಿಲಿನಲ್ಲಿ ಜನ ಬಂದು ಹೋಗುವರು. ಗುಡ್ಡದ ಕಡೆಯ ಮೇಲ್ಬಾಗಿಲು ಒಡೆಯನೊಬ್ಬನದೇ. ಅವನು ಸತ್ತ ದಿನ ಆ ಬಾಗಿಲನ್ನು ಮುಚ್ಚಿ, ಕೆಂಪು ಕಪ್ಪು ನಾರಿನ ಹುರಿಯಿಂದ ಬಿಗಿದು ಕಟ್ಟಿದ್ದರು. ಕಟ್ಟಿದವನು ಓರಿಸಿ. ಅವನು ಒಡೆಯನ ಮಾತುಗಾರ: ಒಡೆಯನ ಪರವಾಗಿ ಸಭೆಯಲ್ಲಿ ನುಡಿಯುವುದು, ಅತಿಥಿಗಳನ್ನು ಎದುರುಗೊಳ್ಳುವುದು, ಬೀಳ್ಕೊಡುವುದು ಅವನ ಮನೆತನದ ಹಕ್ಕು. ಹೊಸ ಒಡೆಯ ಬರುವ ಮುನ್ನ ಆ ಗಂಟು ಬಿಚ್ಚಿದರೆ ಮಾತುಗಾರನ ಬಾಯಿಗೆ ಬೆಲೆಯಿಲ್ಲ. ಹಕ್ಕು ಅವನ ಮಗನಿಗೆ ಇಳಿಯುವುದೂ ಇಲ್ಲ. ಇದು ಊರಿನ ಮಗುವಿಗೂ ತಿಳಿದ ಕಟ್ಟಳೆ.

ಕಲಿಯೋವಾ ಕಡಲಿಗರ ಕುಲದವನು. ಕೂರುವ ಜಾಗ ಕೆಳಬಾಗಿಲಿನ ಬಳಿ. ಎಪ್ಪತ್ತು ವರ್ಷದಲ್ಲಿ ಅವನು ಆ ಮನೆಯ ನಡುಗಂಬವನ್ನು ದಾಟಿ ಮೇಲಕ್ಕೆ ಹೋದದ್ದೇ ಇಲ್ಲ. ಓರಿಸಿ ಅವನಿಗೆ ಸೋದರಮಾವನ ಮಗ. ಆ ನಂಟಿನವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹೀಯಾಳಿಸಬಹುದು, ಸಿಟ್ಟಾದವನು ಸೋತ. ಅವರು ಪರಸ್ಪರ ಕರೆಯುವ ಮಾತಿಗೆ ನಮ್ಮ ‘ಭಾವ’ ಎಂಬುದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ.

ಆ ದಿನ ಬೆಳಕು ಹರಿಯುವಾಗಲೇ ಗಾಳಿ ಈಶಾನ್ಯದಿಂದ ಏರುತ್ತಿತ್ತು. ಕಲಿಯೋವಾ ಒಡೆಯರ ಜಗಲಿಯ ಕೆಳಗೆ ಒಂದು ಕೋಲು ನೆಟ್ಟು, ಅದರ ತುದಿಗೆ ನಾರುಬಟ್ಟೆಯ ಚೂರು ಕಟ್ಟಿದ. ಬಟ್ಟೆಯ ಬಾಲ ಯಾವ ಕಡೆ ತೋರುತ್ತದೆಯೋ ಆ ಕಡೆ ನೆಲದ ಮೇಲೆ ಒಂದು ಬಿಳಿಯ ಹರಳು ಇಟ್ಟ. ಆಮೇಲೆ ಮೊಮ್ಮಗಳನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿದ.

“ಎರಡೂ ಕೈ ಚಾಚು, ಕೂಸೇ. ಬಲಗೈ ಯಾವ ಕಡೆ ಇದೆ?”

“ಕಪ್ಪೆಬಂಡೆ ಕಡೆ, ಅಜ್ಜ.”

“ಅಲ್ಲೇ ಐತೆ ಬಿರುಗಾಳಿ ಹೊಟ್ಟೆ. ಗಾಳಿ ಯಾವತ್ತೂ ಅದನ್ನ ಬಲಗಡೆ ಇಟ್ಕೊಂಡೇ ಸುತ್ತೋದು. ಹೊಟ್ಟೆ ಹತ್ರ ಹೋದಷ್ಟೂ ಜೋರು. ನಟ್ಟನಡುವೆ ಮಾತ್ರ ಏನೂ ಇಲ್ಲ, ಖಾಲಿ.”

ದೇವರನ್ನು ಬಲಕ್ಕಿಟ್ಟು ಪ್ರದಕ್ಷಿಣೆ ಬರುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆ ದಕ್ಷಿಣದ ಕಡಲಿನಲ್ಲಿ ಬಿರುಗಾಳಿಗಳೆಲ್ಲ ಪ್ರದಕ್ಷಿಣೆಯ ಸುತ್ತು. ಬಂಗಾಳ ಕೊಲ್ಲಿಯಲ್ಲಿ ಏಳುವ ನಮ್ಮವು ಅಪ್ರದಕ್ಷಿಣೆ. ಕಲಿಯೋವಾನಿಗೆ ನಮ್ಮ ಕಡಲಿನ ಸುದ್ದಿ ತಿಳಿದಿರಲಿಲ್ಲ; ತಿಳಿಯುವ ಅಗತ್ಯವೂ ಇರಲಿಲ್ಲ.

ಅನ್ನ ಬೇಯುವಷ್ಟು ಹೊತ್ತಿಗೊಮ್ಮೆ ಅವನು ಹೋಗಿ ಬಟ್ಟೆಯ ಬಾಲ ನೋಡಿ ಇನ್ನೊಂದು ಹರಳು ಇಡುತ್ತಿದ್ದ. ಎರಡನೆಯದು ಮೊದಲನೆಯದರ ಪಕ್ಕಕ್ಕೆ ಬೀಳಲಿಲ್ಲ, ಅದರ ಮೇಲೆಯೇ ಬಿತ್ತು. ಮೂರನೆಯದೂ ಅಲ್ಲಿಗೇ. ಗಾಳಿ ಮಾತ್ರ ಒಂದಕ್ಕೆರಡಾಗಿ ಏರುತ್ತಿತ್ತು.

“ಏನ್ ಭಾವ, ಗೋಲಿ ಆಡ್ತಿದ್ದೀಯಾ?” ಎಂದು ಓರಿಸಿ ಜಗಲಿಯ ಮೇಲಿನಿಂದ ಕೂಗಿದ.

“ಗಾಳಿ ನಡೀತಾ ಇಲ್ಲ, ಭಾವ. ನಡೆದಿದ್ರೆ ಬಿರುಗಾಳಿ ನಮ್ಮ ಪಕ್ಕದಲ್ಲಿ ಹಾದು ಹೋಗ್ತಿತ್ತು. ನಿಂತಲ್ಲೇ ನಿಂತು ಜೋರಾಗ್ತಾ ಇದೆ. ಅಂದ್ರೆ ಅದು ನೆಟ್ಟಗೆ ನಮ್ಮನೆಗೇ ಊಟಕ್ಕೆ ಬರ್ತಿದೆ. ಎಲ್ಲರನ್ನೂ ಒಳಗೆ ಕರಿ.”

ಊರಿಗೆ ಊರೇ ಒಡೆಯರ ಮನೆ ಸೇರಿತು. ವಿನಿಯಾನಾ ಆ ಹೊತ್ತನ್ನು ಹೇಳುವಾಗ ಓಲೆ ತೀಡುವುದನ್ನು ನಿಲ್ಲಿಸಿದಳು. ನೂರು ಜನರ ಮೈಯ ಬಿಸಿ, ಒದ್ದೆ ಕೂದಲಿಗೆ ಹಚ್ಚಿದ ತೆಂಗಿನೆಣ್ಣೆಯ ವಾಸನೆ, ಮೂಲೆಯಲ್ಲಿ ಕೋಳಿಗಳು, ಯಾರದೋ ಮಗು ಅವಳ ತೊಡೆಯ ಮೇಲೆ ನಿದ್ದೆ. ಹೆಂಗಸರು ಚರ್ಚಿನ ಹಾಡು ಎತ್ತಿದರೆ ಗಾಳಿ ಅದನ್ನು ಅರ್ಧಕ್ಕೇ ಕಿತ್ತುಕೊಳ್ಳುತ್ತಿತ್ತು. ಮತ್ತೆ ಮೊದಲಿನಿಂದ ಹಾಡುತ್ತಿದ್ದರು. “ಈಗ ಒಬ್ಬೊಬ್ಬರಿಗೂ ಸಿಮೆಂಟಿನ ಮನೆ. ಗಾಳಿ ಬಂದ್ರೆ ಒಳಗೆ ಒಬ್ಬೊಬ್ಬರೇ ಹೆದರ್ಕೊಂಡು ಕೂರೋದು. ಆವತ್ತು ಎಲ್ಲರೂ ಸೇರಿ ಹೆದರಿದ್ವಿ. ಅದರಲ್ಲಿ ಎಂಥದೋ ಒಂದು ಸುಖ ಇತ್ತು ಕಣ್ರೇ.”

ಕಟ್ಟಿದ ಮೇಲ್ಬಾಗಿಲು ಗಾಳಿಗೆ ಎದುರಾಗಿ ಮುಚ್ಚಿಯೇ ಇತ್ತು. ಗಾಳಿಮರೆಯ ಕೆಳಬಾಗಿಲನ್ನು ತೆರೆದಿಟ್ಟಿದ್ದರು. ಅದು ಆ ಕಡೆಯ ಹಳೆಯ ಕ್ರಮ. ಜೊಂಡಿನ ಗೋಡೆಯ ಸಾವಿರ ಸಂದಿಗಳಲ್ಲಿ ನುಗ್ಗುವ ಗಾಳಿಗೆ ಹೊರಗೆ ಹೋಗಲು ಒಂದು ದಾರಿ ಬೇಕು. ಇಲ್ಲವಾದರೆ ಅದು ಒಳಗೇ ಉಬ್ಬಿ ಮಾಡನ್ನು ಎತ್ತುತ್ತದೆ. ಹಾಗಾಗಿ ಮನೆ ನಡುಗಿತು, ನರಳಿತು, ಆದರೆ ನಿಂತಿತು.

ನಡುಹಗಲಿಗೆ ಗಾಳಿ ಕತ್ತರಿಸಿದಂತೆ ನಿಂತುಹೋಯಿತು.

ಕಿವಿಗಳಲ್ಲಿ ಗುಂಯ್‌ಗುಡುವಿಕೆ ಮಾತ್ರ ಉಳಿಯಿತು. ಯಾರೋ “ಮುಗೀತು” ಎಂದರು. ಗಂಡಸರು ದೋಣಿಗಳು ಉಳಿದಿವೆಯೋ ಎಂದು ನೋಡಲು ಎದ್ದರು. ಓರಿಸಿ ಮೊಣಕಾಲೂರಿ ದೇವರಿಗೆ ವಂದನೆ ಹೇಳತೊಡಗಿದ. ಕಲಿಯೋವಾ ಕೆಳಬಾಗಿಲಿಗೆ ಅಡ್ಡ ನಿಂತ.

“ಯಾರೂ ಹೋಗ್ಬೇಡಿ. ಅರ್ಧವೇ ಮುಗಿದಿರೋದು.”

“ಭಾವ, ಬಿಸಿಲು ಬಂದಿದೆಯಲ್ಲೋ!”

“ಅದರ ಹೊಟ್ಟೆಯೊಳಗೆ ಕೂತಿದ್ದೀವಿ ನಾವು. ಆಚೆ ಗೋಡೆ ಬರೋವಷ್ಟರಲ್ಲಿ ಒಂದು ಮಡಕೆ ಗೆಣಸು ಬೇಯಬಹುದು, ಎರಡು ಮಡಕೆ ಆಗಲ್ಲ. ಬೆಳಗ್ಗೆ ಗುಡ್ಡದ ಕಡೆಯಿಂದ ಬಂತಲ್ಲ, ಈಗ ಕಡಲ ಕಡೆಯಿಂದ ಬರುತ್ತೆ. ಇದೇ ಬಾಗಿಲಿಗೆ ನೆಟ್ಟಗೆ.”

“ಹಾಗಾದ್ರೆ ಈ ಬಾಗ್ಲು ಮುಚ್ಚಿಬಿಡೋಣ.”

“ಮುಚ್ಚಬೇಕು. ಅದನ್ನ ತೆಗೀಬೇಕು.” ಕಲಿಯೋವಾ ಗುಡ್ಡದ ತುದಿಗೆ ಕೈ ತೋರಿದ.

ಎಲ್ಲರ ಕಣ್ಣೂ ಓರಿಸಿಯ ಕಡೆ ತಿರುಗಿದವು.

“ಬಾಯಿ ತೊಳ್ಕೋ, ಭಾವ,” ಎಂದ ಓರಿಸಿ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ಅರುವತ್ತು ರಾತ್ರಿ ಇನ್ನೂ ಬಾಕಿ ಇದೆ. ಎರಡನ್ನೂ ಮುಚ್ಚಿ ಕೂರೋಣ.”

“ನಮ್ಮಪ್ಪನ ಕಾಲದಲ್ಲಿ ಆಚೆಯೂರಿನವರು ಹಂಗೇ ಎರಡೂ ಮುಚ್ಚಿ ಕೂತರು. ಮಡಕೆ ಮುಚ್ಚಳ ಎದ್ದ ಹಾಗೆ ಮಾಡು ಎದ್ದುಹೋಯ್ತು. ನೆತ್ತಿಯ ತೊಲೆ ಬಿದ್ದು ಹದಿನಾಲ್ಕು ಜನ ಸತ್ತರು. ನಿಂಗೊತ್ತಿಲ್ವಾ? ಆ ಸಾವಿಗೆ ನಿಮ್ಮಪ್ಪನೇ ತಾನೇ ಮಾತಾಡಿದ್ದು?”

ಓರಿಸಿ ಕಟ್ಟಿದ ಬಾಗಿಲಿನ ಕಡೆ ನೋಡಿದ. ಅವನ ಮಗ ಗೋಡೆಗೊರಗಿ ಅಪ್ಪನ ಮುಖವನ್ನೇ ನೋಡುತ್ತಿದ್ದ. ಮಾತುಗಾರನ ಪಾಠ ಕಲಿಯತೊಡಗಿ ಎರಡು ವರ್ಷವಾಗಿತ್ತು ಅವನಿಗೆ.

ಆಗ ಎದ್ದವಳು ಆಂದಿ ಸೆನಿಮಿಲಿ, ಸತ್ತ ಒಡೆಯನ ಹೆಂಡತಿ. ದುಃಖದ ಕಪ್ಪುಡುಗೆ, ಕತ್ತರಿಸಿದ ಕೂದಲು. ನಲವತ್ತು ದಿನಗಳಿಂದ ಅವಳು ಯಾರೊಂದಿಗೂ ಗಟ್ಟಿಯಾಗಿ ಮಾತನಾಡಿರಲಿಲ್ಲ.

“ಕಲಿಯೋವಾ, ತೋರಿಸು,” ಎಂದಳು.

ಓರಿಸಿಯೂ ಸೇರಿ ಮೂವರೂ ಜಗಲಿಗೆ ಬಂದರು. ವಿನಿಯಾನಾ ಅಜ್ಜನ ಬಟ್ಟೆ ಹಿಡಿದು ಹಿಂದೆಯೇ ಹೋದಳು. ಮೇಲೆ ತೊಳೆದಂತಹ ನೀಲಿ ಆಕಾಶ. ಸುತ್ತಲೂ ಬೂದುಮೋಡದ ಗೋಡೆ. ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದಂತಿತ್ತು. ದೂರದೂರದ ಕಡಲಹಕ್ಕಿಗಳು ಅಂಗಳದಲ್ಲಿ ದಣಿದು ಬಿದ್ದಿದ್ದವು; ಕೈಯಿಂದ ಎತ್ತಿದರೂ ಹಾರುತ್ತಿರಲಿಲ್ಲ.

“ಇವು ಅದರ ಹೊಟ್ಟೆಯೊಳಗೆ ಸಿಕ್ಕಿಬಿದ್ದು ಬಂದವು, ಅಮ್ಮಾವ್ರೇ. ಈಗ ಕಣ್ಮುಚ್ಚಿ. ಯಾವ ಬಂಡೆಸಾಲು ಕೂಗ್ತಿದೆ?”

ಅವಳು ಕಣ್ಣು ಮುಚ್ಚಿದಳು. ಬೆಳಗಿನಿಂದ ಗಾಳಿಮರೆಯಲ್ಲಿದ್ದ ಕಡಲ ಕಡೆಯ ಹವಳದ ಸಾಲು ಈಗ, ಒಂದು ಎಲೆಯೂ ಅಲುಗದ ಹೊತ್ತಿನಲ್ಲಿ, ಗುಡುಗುತ್ತಿತ್ತು. ಆ ಸದ್ದು ಹತ್ತಿರವಾಗುತ್ತಿತ್ತು.

ಸೆನಿಮಿಲಿ ಓರಿಸಿಯ ಕಡೆ ತಿರುಗಿದಳು.

“ನನ್ನ ಗಂಡನ ಬಾಗ್ಲು ನೀನು ಯಾರಿಗೆ ಅಂತ ಕಟ್ಟಿದ್ದೀಯ?”

“ಒಳಗೆ ಬರೋರಿಗೆ, ಅಮ್ಮಾವ್ರೇ. ಹೊಸ ಒಡೆಯರು ಬರೋ ತನಕ.”

“ಬೆಳಗ್ಗೆಯಿಂದ ಒಬ್ಬ ಅತಿಥಿ ಈ ಮನೇಲಿದ್ದ. ಗುಡ್ಡದ ಕಡೆಯಿಂದ ಬಂದ, ಎಲ್ಲರನ್ನೂ ಮೂಲೆಗೆ ಕೂರಿಸಿದ, ನಾನೂ ನೆಲಕ್ಕೆ ತಲೆ ಬಗ್ಗಿಸಿದೆ. ನಮ್ಮೆಲ್ಲರಿಗಿಂತ ಮೇಲಿನವನೇ ತಾನೇ? ಅಂಥ ಅತಿಥಿ ಹೊರಟರೆ ಯಾವ ಬಾಗಿಲಲ್ಲಿ ಕಳಿಸ್ತೀಯ?”

ಅದು ನೆಪವೆಂಬುದು ಓರಿಸಿಗೆ ಗೊತ್ತಿತ್ತು. ಅಂಥ ಬೀಳ್ಕೊಡುಗೆಯನ್ನು ಅವನ ಅಪ್ಪನೂ ಮಾಡಿರಲಿಲ್ಲ, ಅಜ್ಜನೂ ಮಾಡಿರಲಿಲ್ಲ. ಅವನು ಒಳಗೆ ತಿರುಗಿ ನೋಡಿದ. ಜನ, ಕೋಳಿಗಳು, ಗೋಡೆಗೊರಗಿದ ಮಗ. ಬಹಳ ಹೊತ್ತು ನೋಡಿದನೆಂದು ವಿನಿಯಾನಾ ಹೇಳಿದಳು. ಆಮೇಲೆ ತಾನೇ ತಿದ್ದಿಕೊಂಡು, ಬಹಳ ಹೊತ್ತು ಇದ್ದಿರಲಾರದು, ಹೊತ್ತೇ ಇರಲಿಲ್ಲವಲ್ಲ ಎಂದಳು.

“ತಿಮಿಂಗಿಲದ ಹಲ್ಲು ಕೊಡಿ,” ಎಂದ ಓರಿಸಿ.

ಬೇಡಿಕೆಗೂ ಬೀಳ್ಕೊಡುಗೆಗೂ ಕಾಣಿಕೆಯಾಗಿ ಒಪ್ಪಿಸುವ ಆ ಹಳದಿಗಟ್ಟಿದ ಹಲ್ಲನ್ನು ಸೆನಿಮಿಲಿ ಗಂಡನ ಪೆಟ್ಟಿಗೆಯಿಂದ ತಂದು ಅವನ ಅಂಗೈಗಳ ಮೇಲಿಟ್ಟಳು. ಅವನು ಒಳಗೆ ಬಂದು ಕಟ್ಟಿದ ಬಾಗಿಲಿನ ಮುಂದೆ ಮಂಡಿಯೂರಿದ. ಗಂಡಸರು ಬೊಗಸೆಗೈಯಿಂದ ಗಂಭೀರವಾಗಿ ಚಪ್ಪಾಳೆ ತಟ್ಟಿದರು. ಒಡೆಯನ ಸಾವಿನ ದಿನ ಇದೇ ಓರಿಸಿ ಬೆಳಗ್ಗೆ ಶುರು ಮಾಡಿದ ಮಾತನ್ನು ಉಬ್ಬರವಿಳಿದ ಮೇಲೆ ಮುಗಿಸಿದ್ದ.

“ಭಾವ,” ಎಂದ ಕಲಿಯೋವಾ ಕೆಳತುದಿಯಿಂದ ಮೆಲ್ಲಗೆ, “ನಿನ್ನ ಮುತ್ತಾತನ ಮುತ್ತಾತನಿಂದ ಶುರು ಮಾಡ್ಬೇಡ. ಗಾಳಿಗೆ ತಾಳ್ಮೆ ಕಡಿಮೆ.”

ಯಾರೋ ಕಿಸಕ್ಕೆಂದರು. ಓರಿಸಿ ತಿರುಗಲಿಲ್ಲ. ಹಲ್ಲನ್ನು ಎತ್ತಿ ಹಿಡಿದು ನುಡಿದ:

“ಈಶಾನ್ಯದ ಒಡೆಯನೇ, ಬಂದೆ. ನಮ್ಮ ಮನೆಯ ಬಡತನ ಕಂಡೆ. ನಮ್ಮ ಮರಗಳನ್ನು ಉಂಡೆ. ಇದು ನಿನ್ನ ದಾರಿ. ನಮ್ಮ ಮಕ್ಕಳನ್ನು ಬಿಟ್ಟು ಹೋಗು.”

ಅಷ್ಟೇ. ಮತ್ತೆ ಬೊಗಸೆಗೈ ಚಪ್ಪಾಳೆ. ಅವನು ಹಲ್ಲನ್ನು ಕೆಳಗಿಟ್ಟು ಗಂಟಿಗೆ ಕೈ ಹಾಕಿದ. ಹುರಿ ಮಳೆಗೆ ಉಬ್ಬಿ ಬಿಗಿದಿತ್ತು. ಬೆರಳಿಗೆ ಬರಲಿಲ್ಲ. ಯಾರೋ ಕತ್ತಿ ಚಾಚಿದರು. ಅವನು ತಲೆಯಾಡಿಸಿ ಬೇಡವೆಂದ. ಬಾಗಿ, ಹಲ್ಲಿನಿಂದ ಕಚ್ಚಿ ಎಳೆದು, ಒಂದೊಂದೇ ಸುತ್ತು ಬಿಚ್ಚಿದ. ಕಡಲ ಕಡೆ ಆಗಲೇ ಬಿಸಿಲು ಕರಗಿತ್ತು. ಹತ್ತು ಗಂಡಸರು ಕೆಳಬಾಗಿಲು ಮುಚ್ಚಿ, ಚಾಪೆಗಳನ್ನು ಒಡ್ಡಿ, ಬೆನ್ನು ಕೊಟ್ಟು ಕೂತರು. ಮೇಲ್ಬಾಗಿಲು ತೆರೆಯಿತು. ಹುರಿಯನ್ನು ಓರಿಸಿ ತನ್ನ ಸೊಂಟಕ್ಕೆ ಸುತ್ತಿಕೊಂಡ.

ಎರಡನೆಯ ಗಾಳಿ ಸೋನೆಯಿಂದ ಶುರುವಾಗಲಿಲ್ಲ, ಒಂದೇ ಏಟಿಗೆ ಬಂತು. ಕಡಲಿನ ನೀರು ಕಲ್ಲುಜಗಲಿಯ ಅರ್ಧಕ್ಕೆ ಏರಿತು. ಕೆಳತುದಿಯಲ್ಲಿ ಮಾಡು ಸೋರತೊಡಗಿ ಜನ ಮೇಲಕ್ಕೆ ಸರಿದರು, ಕಡಲಿಗರೂ ಸರಿದರು. ಕಲಿಯೋವಾ ನಡುಗಂಬದ ಬಳಿ ಬಂದು ನಿಂತುಬಿಟ್ಟ. ಓರಿಸಿ ಅವನ ಕೈ ಹಿಡಿದು ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡ.

“ಕೂರು ಭಾವ. ಇಲ್ಲಿ ಚಾಪೆ ಕಚ್ಚಲ್ಲ.”

“ಮೀನಿನ ವಾಸ್ನೆ ಬಂದ್ರೆ ನನ್ನ ಬೈಬೇಡ.”

“ಎಪ್ಪತ್ತು ವರ್ಷದಿಂದ ದೂರದಿಂದಲೇ ಬರ್ತಿತ್ತಲ್ಲೋ, ಈಗೇನು ಹೊಸದು?”

ತೆರೆದ ಬಾಗಿಲಿನಿಂದ ಗಾಳಿ ಹೊರಕ್ಕೆ ಹರಿಯುತ್ತಿದ್ದುದನ್ನು ವಿನಿಯಾನಾ ಕೂದಲಿನಲ್ಲಿ ಅರಿತಳು. ಹೊರಗೆ ದೀವಿಹಲಸಿನ ಮರಗಳು ಉರುಳುತ್ತಿದ್ದವು. ಬೆಳಗ್ಗೆ ಬಿದ್ದವು ಕಡಲಿಗೆ ತಲೆಯಿಟ್ಟು ಮಲಗಿದ್ದವು. ಈಗ ಬಿದ್ದವು ಗುಡ್ಡಕ್ಕೆ ತಲೆಯಿಟ್ಟು. ಮನೆ ಉಬ್ಬಲಿಲ್ಲ. ಸಂಜೆಗೆ ಗಾಳಿ ಇಳಿದಾಗ ಊರಿನಲ್ಲಿ ನಿಂತಿದ್ದ ಮಾಡು ಅದೊಂದೇ.

ಇಲ್ಲಿಗೆ ಕೇಳುಗರಲ್ಲಿ ಒಬ್ಬಳು “ಸದ್ಯ” ಎಂದಳು. ವಿನಿಯಾನಾ ತಲೆಯಾಡಿಸಿದಳು. ಓರಿಸಿಗೆ ಇನ್ನೂ ಮುಗಿದಿರಲಿಲ್ಲ.

ಆ ಸಂಜೆಯಿಂದ ಅವನು ಸಭೆಯಲ್ಲಿ ಮಾತನಾಡಲಿಲ್ಲ. ಯಂಗೋನದ ಬೋಗುಣಿಯ ಮುಂದೆ ತನ್ನ ಜಾಗದಲ್ಲಿ ಕೂರಲಿಲ್ಲ. ಮಗನಿಗೆ ಪಾಠ ಹೇಳುವುದನ್ನು ನಿಲ್ಲಿಸಿದ. ಊರಿನವರು ಹೊಸ ಮನೆಗಳಿಗೆ ಜೊಂಡು ಕೊಯ್ಯುತ್ತ, “ಗಾಳಿಗೇ ಬೀಳ್ಕೊಡುಗೆ ಕೊಟ್ಟ ಮಾತುಗಾರ” ಎಂದು ಹೆಮ್ಮೆಯಿಂದ ಹೇಳಿಕೊಂಡರೆ ಅವನು ಎದ್ದು ಹೋಗುತ್ತಿದ್ದ. ಕಲಿಯೋವಾ ಎಷ್ಟು ಚುಚ್ಚಿದರೂ ಮರುಮಾತಿಲ್ಲ. “ಭಾವ ಬೈಯೋದನ್ನೇ ಬಿಟ್ಟ, ಕೂಸೇ. ಬದುಕೋದು ಹೆಂಗೆ?” ಎಂದು ಅಜ್ಜ ಅವಳ ಬಳಿ ಹೇಳಿಕೊಂಡಿದ್ದ.

ನೂರನೆಯ ದಿನ ಬೆಳಗ್ಗೆ ರಾತು ಲೇವಾನಿಯ ದೋಣಿ ಬಂತು. ಹೊಸ ಒಡೆಯ ಮೇಲ್ಬಾಗಿಲಿನಿಂದ ಬಂದು ಕುಳಿತ. ಬೋಗುಣಿ ಕದಡುವ ಮುಂಚೆ ಓರಿಸಿ ಕೆಳತುದಿಯಿಂದ ಮಂಡಿಯಲ್ಲೇ ಸಾಗಿ ಬಂದು, ಹುರಿಯನ್ನು ತಿಮಿಂಗಿಲದ ಹಲ್ಲಿನ ಜೊತೆ ಅವನ ಮುಂದಿಟ್ಟು ತಲೆ ಬಗ್ಗಿಸಿದ. ತಪ್ಪೊಪ್ಪಿಗೆಯ ಕ್ರಮ ಅಲ್ಲಿ ಹಾಗೆ. ಕೊಟ್ಟದ್ದನ್ನು ಒಡೆಯ ಮುಟ್ಟಿದರೆ ಕ್ಷಮೆ, ಮುಟ್ಟದಿದ್ದರೆ ಇಲ್ಲ.

“ಗಾಳಿಯನ್ನ ಬೀಳ್ಕೊಟ್ಟೆ ಅಂತ ಊರು ಹೇಳುತ್ತೆ. ಹಾಗಲ್ಲ, ಒಡೆಯಾ. ನಿಮ್ಮಣ್ಣನ ಬಾಗ್ಲನ್ನ ನಲವತ್ತನೇ ದಿನಕ್ಕೆ ನಾನು ಬಿಚ್ಚಿದೆ.”

“ಸುಳ್ಳು,” ಎಂದ ಕಲಿಯೋವಾ ಬಾಗಿಲ ಬಳಿಯಿಂದ. “ಅವನಿಗೆ ಗಂಟು ಬಿಚ್ಚೋಕೂ ಬರಲ್ಲ ಒಡೆಯಾ, ಹಲ್ಲಲ್ಲಿ ಕಚ್ಚಿದ. ಬಿಚ್ಚು ಅಂದವನು ನಾನು.”

“ಇಬ್ಬರೂ ಸುಮ್ಮನಿರಿ. ಹೇಳಿದ್ದು ನಾನು,” ಎಂದಳು ಸೆನಿಮಿಲಿ.

ರಾತು ಲೇವಾನಿ ಹುರಿಯನ್ನು ಮುಟ್ಟದೆ ನೋಡುತ್ತ ಕೂತ.

“ಆವತ್ತು ಒಳಗೆ ಎಷ್ಟು ಜನ ಇದ್ರಿ?”

“ನೂರಾ ಹನ್ನೆರಡು,” ಎಂದ ಓರಿಸಿ ತಲೆಯೆತ್ತದೆ.

“ಇವತ್ತು?”

“ನೂರಾ ಹನ್ನೆರಡು. ಒಬ್ಬಳು ಮುದುಕಿ ಕೆಮ್ಮಿಗೆ ಹೋದ್ಲು. ಒಂದು ಮಗು ಹುಟ್ಟಿತು.”

ಒಡೆಯ ಹುರಿಯನ್ನು ಎತ್ತಿಕೊಂಡ. ಮೂರು ಸಲ ಬೊಗಸೆ ತಟ್ಟಿದ. ಆಮೇಲೆ ಗೋಡೆಯ ಬಳಿ ಕೂತಿದ್ದ ಓರಿಸಿಯ ಮಗನನ್ನು ಹತ್ತಿರ ಕರೆದು ಹುರಿಯನ್ನು ಅವನ ಕೈಗೆ ಕೊಟ್ಟ.

“ನಾನು ಸತ್ತಾಗ ಕಟ್ಟೋನು ನೀನು. ಎಷ್ಟು ಬಿಗಿ ಕಟ್ಟಬೇಕು ಅನ್ನೋದನ್ನ ನಿಮ್ಮಪ್ಪನ್ನ ಕೇಳಿ ಕಲಿ.”

ಓರಿಸಿ ಅಳುವುದನ್ನು ವಿನಿಯಾನಾ ಮೊದಲು ನೋಡಿದ್ದು ಆಗ. ಅಳು ಮುಗಿಸಿ ಅವನು ಮಾತುಗಾರನ ಜಾಗಕ್ಕೆ ಹೋಗಿ ಕೂತು ಪಟ್ಟದ ಮಾತು ಶುರು ಮಾಡಿದ. ಹೊತ್ತು ನೆತ್ತಿಯಿಂದ ಇಳಿದರೂ ಮುಗಿಯಲಿಲ್ಲ. ಕೆಳತುದಿಯಲ್ಲಿ ಕಲಿಯೋವಾ ಗೊರಕೆ ಹೊಡೆದ. ಬೇಕೆಂದೇ ಹೊಡೆದನೆಂದು ಮೊಮ್ಮಗಳ ಅಭಿಪ್ರಾಯ.

ವಿನಿಯಾನಾ ಅಲ್ಲಿಗೆ ನಿಲ್ಲಿಸಿದಳು. ನೆರಳು ಚಾಪೆಯ ಅಂಚು ದಾಟಿತ್ತು. ಹೆಂಗಸರು ಓಲೆಯ ಸಿಬರುಗಳನ್ನು ಕೊಡವಿ, ಅರ್ಧ ಹೆಣೆದ ಚಾಪೆಯನ್ನು ಸುತ್ತಿ ಗೋಡೆಗೆ ನಿಲ್ಲಿಸಿದರು. ಒಬ್ಬಳಿಗೆ ಒಲೆಯ ನೆನಪಾಯಿತು, ಇನ್ನೊಬ್ಬಳಿಗೆ ಹಂದಿಯ ನೆನಪಾಯಿತು. ಮೊಣಕಾಲು ಹಿಡಿದು ನರಳುತ್ತ, ಒಬ್ಬರ ಕೈ ಒಬ್ಬರು ಹಿಡಿದು ಎದ್ದು, ಅವರವರ ಮನೆಗೆ ಹೊರಟರು.